ನಾವಿಲ್ದಾಗ ಆಡಿದ ಮಾತಿಗೂ ಕೇಸ್ ಹಾಕ್ಬೋದು

ಮದುವೆ ಮನೇಲಿ ನೀವಿಲ್ದಾಗ ನಿಮ್ಮ ದಾಯಾದಿ ಹತ್ತು ಜನರ ಮುಂದೆ "ಚೀಟಿ ದುಡ್ಡು ನುಂಗಿದೋನು" ಅಂದಿದಾರೆ, ನಾನೇ ಅಲ್ಲಿರ್ಲಿಲ್ಲ ಅಂದ್ಮೇಲೆ ಕೇಸ್ ಆಗುತ್ತಾ ಅಂತ ಕೇಳಿದೀರ. ಹಾಕ್ಬೋದು ಸರ್. ಮಾನನಷ್ಟಕ್ಕೆ ನೀವು ಎದುರಿಗಿರ್ಬೇಕು ಅಂತೇನಿಲ್ಲ, ಆ ಮಾತು ಮೂರನೆಯವರ ಕಿವಿಗೆ ಬಿದ್ದಿರ್ಬೇಕು ಅಷ್ಟೇ, ನಿಜ ಹೇಳ್ಬೇಕಂದ್ರೆ ಯಾರೂ ಇಲ್ದಾಗ ನಿಮ್ಮೊಬ್ರಿಗೇ ಅಂದಿದ್ರೆ ಮಾನನಷ್ಟ ಆಗ್ತಾನೇ ಇರ್ಲಿಲ್ಲ. ಭಾರತೀಯ ನ್ಯಾಯ ಸಂಹಿತೆ ಕಲಂ 356, ಹಳೇ ಐಪಿಸಿಲಿ 499 ಮತ್ತು 500 ಇದ್ದಿದ್ದು. 2 ವರ್ಷದವರೆಗೆ ಸಾದಾ ಸಜೆ, ಇಲ್ಲಾ ದಂಡ, ಇಲ್ಲಾ ಎರಡೂ, ಈಗ ಸಮುದಾಯ ಸೇವೆನೂ ಸೇರಿಸಿದಾರೆ.

ಕಲಂ 352 ಬೇರೆ. ಅದು ಬೇಕಂತಲೇ ಅವಮಾನ ಮಾಡಿ ಜಗಳಕ್ಕೆ ಕೆರಳಿಸೋದು, ನೀವಿಲ್ದಾಗ ಆಡಿದ ಮಾತಿಗೆ ಅದನ್ನ ಕೋರ್ಟಲ್ಲಿ ನಿಲ್ಲಿಸೋದು ಕಷ್ಟ.

ಇನ್ನೊಂದು, ಬರೀ ಸೂಳೆಮಗ ಗೀಳೆಮಗ ಅಂತ ಬೈದಿದ್ರೆ ಮಾನನಷ್ಟ ಅಂತ ಸಾಬೀತು ಮಾಡೋದು ಸುಲಭ ಅಲ್ಲ, ಆದ್ರೆ ದುಡ್ಡು ನುಂಗಿದೋನು ಅನ್ನೋದು ನೇರ ಆರೋಪ, ಊರೋರ ಮುಂದೆ ನಿಮ್ಮ ನಂಬಿಕೆನೇ ಹೋಗುತ್ತೆ, ನಿಮ್ಗೆ ಎಷ್ಟು ಸಂಕಟ ಆಗಿರ್ಬೇಕು ಅಂತ ಅರ್ಥ ಆಗುತ್ತೆ. ಸ್ಟೇಷನ್‌ಗೆ ಅಲೀಬೇಡಿ, ಇದು ಪೊಲೀಸ್ರು ತಾವಾಗೇ ಎಫ್‌ಐಆರ್ ಹಾಕೋ ಕೇಸಲ್ಲ, ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡ್ಬೇಕು, 3 ವರ್ಷದೊಳಗೆ. ಮೊದ್ಲು ಆ ಮಾತನ್ನ ಕಿವಿಯಾರೆ ಕೇಳಿದ ಇಬ್ರು ಸಾಕ್ಷಿ ಹೇಳೋಕೆ ಬರ್ತಾರಾ ವಿಚಾರ್ಸಿ.