ಚೆಕ್ಕಿಗೆ ಸಹಿ ಹಾಕಿದ ಕೈಗೆಲ್ಲ ಬೇಡಿ ಹಾಕಬೇಕೇ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸಿಮೆಂಟ್, ಕಬ್ಬಿಣದ ಅಂಗಡಿ ಇಟ್ಟವರು. ಗುತ್ತಿಗೆದಾರರೊಬ್ಬರಿಗೆ 1 ಲಕ್ಷ 80 ಸಾವಿರ ರೂಪಾಯಿಯ ಮಾಲು ಉದ್ರಿ ಕೊಟ್ಟರು. ಬಂದ ಚೆಕ್ ಬೌನ್ಸ್ ಆಯಿತು. ಕೇಸು ಹಾಕಿ ನಾಲ್ಕು ವರ್ಷವಾಯಿತು. "ಎರಡು ವರ್ಷದ ಶಿಕ್ಷೆ ಯಾವ ಲೆಕ್ಕ? ಇಂಥವರನ್ನು ಐದು ವರ್ಷ ಒಳಗೆ ಹಾಕಬೇಕು, ಜಾಮೀನೂ ಸಿಗಬಾರದು. ನಾನಂತೂ ಈಗ ಉದ್ರಿ ಗಿರಾಕಿಗಳಿಂದ ಮೊದಲೇ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತೇನೆ. ನೀವು ಈ ಬಗ್ಗೆ ಬರೆಯಿರಿ" ಎಂದಿದ್ದಾರೆ.

ಸಂಪಾದಕರ ಉತ್ತರ:

ಆತ್ಮೀಯರೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಾಲು ಹೋಯಿತು, ದುಡ್ಡು ಬರಲಿಲ್ಲ, ವಕೀಲರ ಫೀಸು ಬೇರೆ. ಈ ಕೇಸುಗಳನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ನಿಮಗೆ ನಾಲ್ಕು ವರ್ಷ ಹಿಡಿದದ್ದು ತಪ್ಪು. ಆದರೆ ನೀವು ಕೇಳುತ್ತಿರುವ ಮದ್ದು ನಿಮ್ಮ ಕಾಯಿಲೆಯದ್ದಲ್ಲ.

ನಮ್ಮ ಪತ್ರಿಕೆ ಮುಂಚೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದ ಹಿರಿಯರೊಬ್ಬರಿದ್ದರು. ಮಗಳ ಮದುವೆಗೆ 40 ಸಾವಿರ ಬಡ್ಡಿ ಸಾಲ ತಂದರು. ಭದ್ರತೆಗೆ ಅಂತ ಎರಡು ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟರು. ವಾರ ವಾರ ಕಟ್ಟಿ ಸಾಲ ತೀರಿಸಿದರು. ಚೆಕ್ ವಾಪಸ್ ಕೇಳಿದರೆ "ಎಲ್ಲೋ ಇಟ್ಟಿದ್ದೀನಿ, ಹುಡುಕಿ ಕೊಡ್ತೀನಿ" ಎಂಬ ಉತ್ತರ. ಇನ್ನೊಮ್ಮೆ ಕೇಳಲು ಇವರಿಗೆ ಸಂಕೋಚ. ಒಂದು ದಿನ ರಿಜಿಸ್ಟರ್ ಪೋಸ್ಟ್ ಬಂತು. ಎಲ್ಲಾ ಇಂಗ್ಲಿಷಿನಲ್ಲಿ. ಏನೋ ಬ್ಯಾಂಕಿನ ಕಾಗದ ಇರಬೇಕು ಅಂತ ದೇವರ ಫೋಟೋ ಹಿಂದೆ ಇಟ್ಟರು. "ಸಾರ್, ಇದೇನು ನೋಡಿ" ಅಂತ ನನ್ನ ಹತ್ತಿರ ತಂದಾಗ ಮೂರು ವಾರ ಕಳೆದಿತ್ತು. ಚೆಕ್ ಬೌನ್ಸ್ ಆಗಿದೆ, ದುಡ್ಡು ಕಟ್ಟಿ ಎಂಬ ವಕೀಲರ ನೋಟಿಸ್ ಅದು. ಅವರ ಸಹಿಯ ಮೇಲೆ ಯಾರೋ 2 ಲಕ್ಷ ಅಂತ ಬರೆದಿದ್ದರು.

ನೋಟಿಸ್ ಕೈಗೆ ಬಂದ 15 ದಿನದೊಳಗೆ ದುಡ್ಡು ಕಟ್ಟಬೇಕು. ಕಟ್ಟದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಕೋರ್ಟಿನಲ್ಲಿ ದೂರು ಹಾಕಬಹುದು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಇರುವುದೇ ಹಾಗೆ. ಅದರ ಪಕ್ಕದ 139ನೇ ಕಲಂ ಇನ್ನೂ ಬಿಗಿ. ಸಹಿ ನಿಮ್ಮದಾದರೆ ಚೆಕ್ ಸಾಲಕ್ಕೇ ಕೊಟ್ಟದ್ದು ಅಂತ ಕೋರ್ಟು ಮೊದಲೇ ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಭಾರ ಆರೋಪಿಯ ಮೇಲೆ. ನಮ್ಮ ರಾಜ್ಯದಿಂದಲೇ ಹೋದ 45 ಸಾವಿರ ರೂಪಾಯಿ ಕೈಸಾಲದ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿತು. 2019ರ ಇನ್ನೊಂದು ತೀರ್ಪಿನ ಪ್ರಕಾರ, ತಾನಾಗಿಯೇ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ ಇದೇ ನಿಯಮ. ಬಡ್ಡಿಯವರು ವಾರದ ಕಂತಿಗೆ ರಸೀದಿ ಕೊಡುತ್ತಾರಾ? ನಮ್ಮ ಬೈಂಡರ್ ಏನನ್ನು ತೋರಿಸಬೇಕಿತ್ತು?

ಒಂದು ವಾಯಿದೆಗೆ ಹೋಗಲಾಗಲಿಲ್ಲ, ವಾರಂಟ್ ಬಂತು. ಮನೆ ಮುಂದೆ ಪೊಲೀಸರು ನಿಂತರು. ಕೊನೆಗೆ ಹೆಂಡತಿಯ ಓಲೆ ಮಾರಿ, 90 ಸಾವಿರಕ್ಕೆ ರಾಜಿ ಮಾಡಿಕೊಂಡರು. ತೀರಿಸಿದ ಸಾಲಕ್ಕೆ! ರಾಜಿ ಪತ್ರಕ್ಕೆ ಸಹಿ ಹಾಕಲು ಅವರ ಕೈ ಏಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಶಿಕ್ಷೆ ಜಾಸ್ತಿಯಾದರೆ ಬುದ್ಧಿ ಬರುತ್ತದೆ ಅಂತೀರಿ. ಚೆಕ್ ಬೌನ್ಸ್ ಅಪರಾಧವಾದದ್ದು 1989ರ ಏಪ್ರಿಲ್ 1ರಿಂದ. ಆಗ ಗರಿಷ್ಠ ಶಿಕ್ಷೆ ಒಂದು ವರ್ಷ ಇತ್ತು. 2002ರ ತಿದ್ದುಪಡಿ ಅದನ್ನು ಎರಡು ವರ್ಷ ಮಾಡಿತು. ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡವನ್ನೂ ಹಾಕಬಹುದು. ಆದರೂ 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35.16 ಲಕ್ಷ ಇವೇ ಆಗಿದ್ದವು. ಸುಪ್ರೀಂ ಕೋರ್ಟೇ ಹೇಳಿದ ಲೆಕ್ಕ ಇದು. ನಿಮ್ಮ ಫೈಲು ನಾಲ್ಕು ವರ್ಷದಿಂದ ಇಂಥ ರಾಶಿಯ ಅಡಿಯಲ್ಲಿದೆ. ಜೈಲಿನ ಅವಧಿ ಉದ್ದ ಮಾಡಿದರೆ ಅದು ಮೇಲೆ ಬರುತ್ತದಾ?

ಅದೇ ಕೋರ್ಟು 2021ರಲ್ಲಿ ಇನ್ನೊಂದು ತೀರ್ಪಿನಲ್ಲಿ ಈ ಕೇಸನ್ನು ಕ್ರಿಮಿನಲ್ ತೋಳದ ವೇಷ ಹಾಕಿದ ಸಿವಿಲ್ ಕುರಿ ಎಂದು ಕರೆಯಿತು. ಅಂದರೆ ಒಳಗಿರುವುದು ದುಡ್ಡಿನ ವ್ಯಾಜ್ಯ, ಹೊರಗಿನ ವೇಷ ಮಾತ್ರ ಅಪರಾಧದ್ದು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬ್ಯಾಂಕ್ ಸಾಲದ ಸಿವಿಲ್ ಪ್ರಕರಣವೊಂದರಲ್ಲಿ, ಕೈಯಲ್ಲಿ ಇಲ್ಲದೆ ಸಾಲ ಕಟ್ಟಲಾಗದವನನ್ನು ಜೈಲಿಗೆ ಕಳಿಸುವುದು ಸಲ್ಲದು ಎಂದಿದ್ದರು. ಕೊಡಲು ಇದ್ದೂ ಕೊಡದವನು ಬೇರೆ, ಇಲ್ಲದೆ ಕೊಡಲಾಗದವನು ಬೇರೆ. ಬೌನ್ಸ್ ಆದ ಚೆಕ್ಕಿನ ಮೇಲೆ ಬ್ಯಾಂಕು ಇಬ್ಬರಿಗೂ ಬರೆದುಕೊಡುವುದು ಒಂದೇ ಮಾತು: ಖಾತೆಯಲ್ಲಿ ಹಣ ಸಾಲದು.

ನನಗೆ ಹೆಚ್ಚು ನೋವಾಗುವುದು ಆ ಇಂಗ್ಲಿಷ್ ನೋಟಿಸಿನ ವಿಚಾರಕ್ಕೆ. ಕಳಿಸುವ ವಕೀಲರು ಕನ್ನಡದವರು, ಬರೆಸುವವರು ಕನ್ನಡದವರು, ಪಡೆಯುವವರೂ ಕನ್ನಡದವರು. ಮನುಷ್ಯನನ್ನು ಜೈಲಿಗೆ ಕಳಿಸಬಹುದಾದ ಕಾಗದ ಮಾತ್ರ ಅವನಿಗೆ ತಿಳಿಯದ ಭಾಷೆಯಲ್ಲಿ. ಸಾಲದ ಅರ್ಜಿಯೂ ಹಾಗೇ. ಸಣ್ಣ ಅಕ್ಷರದ ಹತ್ತು ಪುಟ, ಪ್ರತಿ ಪುಟಕ್ಕೂ "ಇಲ್ಲೊಂದು ಸಹಿ ಹಾಕಿ". ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ನಾವು, ಆ 15 ದಿನದ ಲೆಕ್ಕವನ್ನು ಕನ್ನಡದಲ್ಲಿ ಹೇಳಿ ಅಂತ ಯಾಕೆ ಹಟ ಹಿಡಿಯಲಿಲ್ಲ? ಕಿರು ಸಾಲದ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳಿಗೆ ಬೀಗ ಬಿದ್ದಿತ್ತು, ಜೀವಗಳು ಹೋಗಿದ್ದವು.

ನಿಮ್ಮ ಕೇಸಿಗೆ ಬರೋಣ. ನಿಮಗೆ ಬೇಕಾಗಿರುವುದು ದುಡ್ಡು, ಅಲ್ವಾ? 2018ರ ತಿದ್ದುಪಡಿಯ 143ಎ ಕಲಂ ಅಡಿ, ಆರೋಪಿ ತಪ್ಪು ಒಪ್ಪದಿದ್ದಾಗ ಚೆಕ್ಕಿನ ಮೊತ್ತದ 20 ಶೇಕಡದವರೆಗೆ ಮಧ್ಯಂತರ ಪರಿಹಾರ, ಅಂದರೆ ಕೇಸು ಮುಗಿಯುವ ಮೊದಲೇ ಒಂದಿಷ್ಟು ದುಡ್ಡು, ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಅರ್ಜಿ ಹಾಕಿದ್ದೀರಾ ಅಂತ ವಕೀಲರನ್ನು ಕೇಳಿ. ಲೋಕ ಅದಾಲತ್‌ನಲ್ಲಿ ಕಂತಿನ ರಾಜಿಗೂ ದಾರಿಯಿದೆ. ಗುತ್ತಿಗೆದಾರ ಹೊರಗೆ ದುಡಿಯುತ್ತಿದ್ದರೆ ತಾನೇ ಕಂತು ಕಟ್ಟುವುದು?

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಗಿರಾಕಿಗಳಿಂದ ಮೊದಲೇ ಸಹಿ ಹಾಕಿಸಿಕೊಳ್ಳುತ್ತೇನೆ ಅಂತ ನೀವೇ ಬರೆದಿದ್ದೀರಿ. ಆ ಚೆಕ್ಕುಗಳು ನಿಮ್ಮ ಗಲ್ಲಾಪೆಟ್ಟಿಗೆಯಲ್ಲಿ ಇರಬಹುದು. ಇವತ್ತು ಸಂಜೆ ಬಾಗಿಲು ಹಾಕುವ ಮುಂಚೆ ತೆಗೆದು ನೋಡಿ. ಲೆಕ್ಕ ತೀರಿಸಿದವರ ಚೆಕ್ಕನ್ನು ಅವರು ಬಂದು ಕೇಳುವ ಮೊದಲೇ ಮನೆಗೆ ಹೋಗಿ ಕೊಟ್ಟು ಬನ್ನಿ.