ಕೃಷ್ಣನ ಕಿರೀಟಕ್ಕೆ ದೀಪ

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ಕೃಷ್ಣನ ವೇಷ. ರಟ್ಟಿನ ಕಿರೀಟಕ್ಕೆ ಕೆಂಪು, ನೀಲಿ ಎಲ್‌ಇಡಿ ಎರಡನ್ನೂ ಒಂದೇ ಬಟನ್ ಸೆಲ್‌ಗೆ ಕಟ್ಟಿದೆ. ಕೆಂಪು ಮಾತ್ರ ಉರಿಯುತ್ತದೆ. ನೀಲಿ ಕೆಟ್ಟಿದೆಯಾ?

ಉತ್ತರ: ಇಲ್ಲ, ಎಸೆಯಬೇಡಿ. ಕೆಂಪಿಗೆ ಸುಮಾರು 2 ವೋಲ್ಟ್ ಸಾಕು, ನೀಲಿಗೆ 3ರ ಹತ್ತಿರ ಬೇಕು. ಎರಡನ್ನೂ ಅಕ್ಕಪಕ್ಕ ಕಟ್ಟಿದರೆ ಕೆಂಪೇ ಕರೆಂಟನ್ನೆಲ್ಲ ಎಳೆದುಕೊಂಡು ವೋಲ್ಟೇಜ್ ಇಳಿಸಿಬಿಡುತ್ತದೆ, ನೀಲಿಗೆ ಏನೂ ಉಳಿಯುವುದಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಸೆಲ್ ಕೊಡಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಗುರುತಿನ ಕಡೆ ಇರಲಿ.

ಆದರೆ ಮಕ್ಕಳ ವೇಷಕ್ಕೆ ಬಟನ್ ಸೆಲ್ಲೇ ಬೇಡ ಅನ್ನುತ್ತೇನೆ. ಟೇಪ್ ಕಿತ್ತು ಬಿದ್ದದ್ದನ್ನು ಪುಟ್ಟ ಮಗು ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು, ಅದು ನಿಜಕ್ಕೂ ಜೀವಕ್ಕೆ ಅಪಾಯ. ಅದರ ಬದಲು ಎರಡು ಎಎ ಸೆಲ್ ಹಾಕುವ ತಾಮ್ರದ ತಂತಿಯ ಸೀರಿಯಲ್ ಸೆಟ್ ತನ್ನಿ, ಸ್ಕ್ರೂ ಹಾಕುವ ಮುಚ್ಚಳ ಇರುವುದನ್ನೇ ನೋಡಿ. ಡಬ್ಬಿ ತಲೆಯ ಮೇಲೆ ಭಾರ ಅಲ್ವಾ, ಅದನ್ನು ಬೆನ್ನ ಹಿಂದೆ ಸೊಂಟದ ಪಟ್ಟಿಗೆ ಸಿಕ್ಕಿಸಿ. ದೀಪಗಳ ಮುಂದೆ ಬಟರ್ ಪೇಪರ್ ಅಂಟಿಸಿದರೆ ಬೆಳಕು ಕಣ್ಣಿಗೆ ಚುಚ್ಚದೆ ಹರಡುತ್ತದೆ, ನವಿಲುಗರಿಯ ಹಿಂದೆ ತುಂಬಾ ಚೆನ್ನಾಗಿ ಕಾಣುತ್ತದೆ.