ಬಾತ್ ನಗರದ ಹಳೆಯ ಸಾಲುಮನೆಯನ್ನು ಬಾಡಿಗೆಗೆ ಹಿಡಿಯುವ ಮುನ್ನ

ಇಂಗ್ಲೆಂಡಿನ ಬಾತ್ ನಗರದಲ್ಲಿ ಕೆಲಸ ಸಿಕ್ಕಿರುವುದನ್ನು ತಿಳಿಸಿ, ಏಜೆಂಟರು ತೋರಿಸಿದ ಇನ್ನೂರು ವರ್ಷದ ‘ಜಾರ್ಜಿಯನ್ ಟೆರೇಸ್’ ಮನೆಯನ್ನು ಬಾಡಿಗೆಗೆ ಹಿಡಿಯಬಹುದೇ, ಊರಿನಿಂದ ಬರಲಿರುವ ತಂದೆತಾಯಿಗೆ ಅದು ಒಗ್ಗೀತೇ ಎಂದು ಕೇಳಿದ್ದೀರಿ. ಅಂಥದೇ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ವಾಸವಾಗಿರುವ ನಾನು, ಹಿಡಿಯಬಹುದು ಎಂದೇ ಹೇಳುತ್ತೇನೆ. ಆದರೆ ಅದನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ನೀವು ಹೆದರಿರುವ ಚಳಿ, ತೇವ, ಮೆಟ್ಟಿಲು ಎಲ್ಲಕ್ಕೂ ಕಾರಣ ಅದರಲ್ಲಿಯೇ ಇದೆ.

ಟೆರೇಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹಪ್ಪಳ ಸಂಡಿಗೆ ಒಣಗಿಸುವ ತಾರಸಿ. ಇಲ್ಲಿ ಆ ಪದಕ್ಕೆ ಅಕ್ಕಪಕ್ಕದ ಗೋಡೆಗಳನ್ನು ಹಂಚಿಕೊಂಡು ನಿಂತ ಮನೆಗಳ ಸಾಲು ಎಂದರ್ಥ. ನಮ್ಮ ಹಳೆಯ ಅಗ್ರಹಾರದ ಬೀದಿಯನ್ನು ನೆನೆದರೆ ಸಾಕು. 1714ರಿಂದ 1830ರವರೆಗೆ ಒಬ್ಬರ ನಂತರ ಒಬ್ಬರು ಆಳಿದ ನಾಲ್ವರು ಜಾರ್ಜ್ ದೊರೆಗಳಿಂದ ಜಾರ್ಜಿಯನ್ ಎಂಬ ಹೆಸರು ಬಂದಿದೆ. 1767ರಿಂದ 1774ರ ನಡುವೆ ಕಟ್ಟಿದ, ಬಾತ್ ನಗರದ ಹೆಸರಾಂತ ಅರ್ಧಚಂದ್ರಾಕಾರದ ಮನೆಸಾಲಾದ ರಾಯಲ್ ಕ್ರೆಸೆಂಟ್‌ನಲ್ಲಿ ಸಹ ಬೀದಿಗೆ ಕಾಣುವ ಮುಖವಷ್ಟೇ ಏಕರೂಪ; ಹಿಂಬದಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ಕಟ್ಟಿಸಿಕೊಂಡಿದ್ದಾರೆ. ಸಾಧಾರಣ ಮನೆಗಳಲ್ಲಂತೂ ಮುಂದೆ ನಯವಾಗಿ ಕೆತ್ತಿದ ಜೇನುಬಣ್ಣದ ಸುಣ್ಣಗಲ್ಲು, ಹಿಂದೆ ಕಾಡುಗಲ್ಲು. ಆದ್ದರಿಂದ ಹಿತ್ತಲಿಗೆ ಹೋಗಿ ನೋಡದೆ ಯಾವ ಮನೆಯನ್ನೂ ಒಪ್ಪಬೇಡಿ.

ಬೀದಿಗೆ ತೆರೆದ ಪ್ರತಿ ಅಡಿ ಜಾಗಕ್ಕೂ ಬೆಲೆಯಿದ್ದುದರಿಂದ ಈ ಮನೆಗಳು ಅಗಲಕ್ಕೆ ಬೆಳೆಯದೆ ಎತ್ತರಕ್ಕೆ ಬೆಳೆದವು. ಅಂತಸ್ತಿಗೆ ಎರಡೇ ಕೋಣೆ, ಮುಂದೊಂದು ಹಿಂದೊಂದು. ಪಕ್ಕದ ಗೋಡೆಗೆ ಒತ್ತಿಕೊಂಡು ಕಿರಿದಾದ ಮೆಟ್ಟಿಲು. ಅಡುಗೆಮನೆ ನೆಲಮಾಳಿಗೆಯಲ್ಲಿ, ಅತಿಥಿಗಳನ್ನು ಕೂರಿಸುವ ದಿವಾನಖಾನೆ ಮೊದಲ ಮಹಡಿಯಲ್ಲಿ, ಕೆಲಸದವರ ಮಲಗುಕೋಣೆ ತುತ್ತತುದಿಯಲ್ಲಿ ಇರುತ್ತಿದ್ದವು. ಮೊದಲ ಮಹಡಿಯ ಕಿಟಕಿಗಳು ಎಲ್ಲಕ್ಕಿಂತ ಎತ್ತರವಾಗಿದ್ದು ಮೇಲೆ ಹೋದಂತೆ ಚಿಕ್ಕದಾಗುವುದರಲ್ಲಿ ಆ ಕಾಲದ ಅಂತಸ್ತಿನ ಲೆಕ್ಕಾಚಾರ ಇವತ್ತಿಗೂ ಕಾಣುತ್ತದೆ. ಕಟ್ಟಿದಾಗ ಬಚ್ಚಲುಮನೆ ಇರಲಿಲ್ಲ, ಅನಂತರ ಜಾಗ ಸಿಕ್ಕಲ್ಲಿ ಸೇರಿಸಿದ್ದಾರೆ. ನಿಮ್ಮ ತಂದೆತಾಯಿ ಮಲಗುವ ಕೋಣೆ ಮತ್ತು ಬಚ್ಚಲು ಒಂದೇ ಅಂತಸ್ತಿನಲ್ಲಿ ಇಲ್ಲದಿದ್ದರೆ ನಾನು ಆ ಮನೆಯನ್ನು ಬೇಡವೆನ್ನುತ್ತೇನೆ.

ತೇವದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಗೋಡೆಗಳ ನಡುವೆ ಈಚಿನ ಮನೆಗಳಲ್ಲಿರುವಂಥ ಟೊಳ್ಳು ಇಲ್ಲ. ಕಲ್ಲನ್ನು ಸುಣ್ಣದ ಗಾರೆಯಲ್ಲಿ ಕಟ್ಟಿದ್ದಾರೆ, ಮತ್ತು ಆ ಗಾರೆ ನಮ್ಮ ಹಳೆಯ ಮನೆಗಳ ಗಾರೆಯಂತೆಯೇ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಕಿಟಕಿಯ ಸಂದುಗಳಿಗೆ ಟೇಪ್ ಅಂಟಿಸಿ, ಅಗ್ಗಿಷ್ಟಿಕೆಯ ಬಾಯನ್ನೂ ಮುಚ್ಚಿಬಿಟ್ಟೆ. ಕುಕ್ಕರಿನ ಹಬೆ, ಕುದಿಯುವ ಸಾರಿನ ಹಬೆ, ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಹರವಿದ ಒದ್ದೆ ಬಟ್ಟೆಯ ನೀರು ಎಲ್ಲವೂ ಒಳಗೇ ಉಳಿದು, ಜನವರಿಯ ಹೊತ್ತಿಗೆ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಅದಕ್ಕೂ ಮೊದಲು ಮನೆಯ ಮಾಲೀಕರು ಕರೆಸಿದ ಕೆಲಸಗಾರರು ನೆಲಮಾಳಿಗೆಗೆ ಸಿಮೆಂಟ್ ಮೆತ್ತಿ ಹೋಗಿದ್ದರು. ತೇವ ಹೊರಬರಲಾಗದೆ ಗೋಡೆಯಲ್ಲಿ ಉಪ್ಪು ಅರಳಿ ಮೆತ್ತಿದ್ದೆಲ್ಲ ಹಕ್ಕಳೆಯಾಗಿ ಬಿತ್ತು. ಅದನ್ನು ಕೆತ್ತಿ ತೆಗೆದು ಸುಣ್ಣದ ಗಿಲಾವು ಮಾಡಿಸಿದ ಮೇಲೆಯೇ ಗೋಡೆ ಒಣಗಿದ್ದು. ನೀವು ನೋಡುವ ಮನೆಯ ನೆಲಮಾಳಿಗೆಯ ಗೋಡೆಯನ್ನು ದಯವಿಟ್ಟು ಕೈಯಿಂದ ಮುಟ್ಟಿ ನೋಡಿ.

ಇಲ್ಲಿನ ಸ್ಯಾಶ್ ಕಿಟಕಿ ಬಹಳ ಬುದ್ಧಿವಂತಿಕೆಯ ರಚನೆ. ಎರಡು ಚೌಕಟ್ಟುಗಳು ಮೇಲೆ ಕೆಳಗೆ ಸರಿಯುತ್ತವೆ. ಪಕ್ಕದ ಮರದ ಪೆಟ್ಟಿಗೆಯಲ್ಲಿ ಹಗ್ಗಕ್ಕೆ ಕಟ್ಟಿದ ತೂಕಗಳು ಅವುಗಳ ಭಾರವನ್ನು ಸರಿದೂಗಿಸುತ್ತವೆ. ಒಗ್ಗರಣೆ ಹಾಕುವಾಗ ಮೇಲಿನದನ್ನು ನಾಲ್ಕು ಬೆರಳು ಇಳಿಸಿ, ಕೆಳಗಿನದನ್ನು ನಾಲ್ಕು ಬೆರಳು ಏರಿಸಿದರೆ ಬಿಸಿಗಾಳಿ ಮೇಲಿನಿಂದ ಹೊರಟು ತಂಗಾಳಿ ಕೆಳಗಿನಿಂದ ಬರುತ್ತದೆ. ಬಣ್ಣ ಬಳಿದು ಬಳಿದು ಅವು ಅಂಟಿಕೊಂಡಿದ್ದರೆ, ಕರಾರಿಗೆ ಸಹಿ ಹಾಕುವ ಮೊದಲೇ ಬಿಡಿಸಿಕೊಡಲು ಕೇಳಿ. ಚಳಿಯೆಂದು ಅವುಗಳನ್ನು ಬದಲಿಸಿಕೊಡಿ ಎಂದು ಮಾತ್ರ ಮಾಲೀಕರನ್ನು ಒತ್ತಾಯಿಸಬೇಡಿ. 1700ರಿಂದ 1850ರ ನಡುವೆ ಕಟ್ಟಿದ ಹೆಚ್ಚಿನ ಮನೆಗಳು ಇಂಗ್ಲೆಂಡಿನಲ್ಲಿ ಸಂರಕ್ಷಿತ ಪಟ್ಟಿಯಲ್ಲಿದ್ದು, ಒಪ್ಪಿಗೆಯಿಲ್ಲದೆ ಅವುಗಳ ಸ್ವರೂಪ ಬದಲಿಸುವುದು ಅಪರಾಧ. ಕಿಟಕಿಗಳ ಒಳಬದಿಯ ಮರದ ಬಾಗಿಲುಗಳನ್ನು ಕತ್ತಲಾದೊಡನೆ ಮುಚ್ಚಿ, ದಪ್ಪ ಪರದೆ ಎಳೆದರೆ ಕೋಣೆ ಸಾಕಷ್ಟು ಬೆಚ್ಚಗಾಗುತ್ತದೆ. ನಾವು ಇಷ್ಟು ವರ್ಷ ಹಾಗೆಯೇ ಕಳೆದಿದ್ದೇವೆ.